ಜೀವಕೋಶ ಹೇಗೆ ಸತ್ತಿತು? ಲ್ಯಾಬ್‌ನಲ್ಲಿ ನಾನು ಕಂಡುಕೊಳ್ಳುವ ಬಗೆ

ಜೀವಕೋಶ ಸತ್ತಿದೆಯಾ ಎಂದು ಕೇಳಿದರೆ ಬೇಗ ಹೇಳಿಬಿಡಬಹುದು. ಹೇಗೆ ಸತ್ತಿತು ಎಂದು ಕೇಳಿದರೆ ವಾರಗಟ್ಟಲೆ ಕೆಲಸ. ನಾನು ಮಾಡುವುದು ಈ ಎರಡನೆಯದನ್ನು. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗಿ, ಚೂರುಚೂರಾಗಿ, ಬೇರೆ ಕೋಶಗಳ ಹೊಟ್ಟೆ ಸೇರುತ್ತದೆ. ಸಾಮಾನ್ಯವಾಗಿ ಉರಿಯೂತ ಏಳುವುದಿಲ್ಲ. ಪೈರೊಪ್ಟೋಸಿಸ್‌ನಲ್ಲಿ ಪೊರೆಗೆ ತೂತು ಬಿದ್ದು ಒಳಗಿದ್ದದ್ದು ಹೊರಗೆ ಚೆಲ್ಲುತ್ತದೆ. ಸುತ್ತಲಿನ ರೋಗನಿರೋಧಕ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಸೋಂಕು ತಗುಲಿದಾಗ ಇದು ಬೇಕೇ ಬೇಕು. ಮಿತಿಮೀರಿದರೆ ಮಾತ್ರ ಪ್ರಾಣಕ್ಕೇ ಅಪಾಯ.

ನಾನು ಬಳಸುವುದು ಇಲಿಯ ಮ್ಯಾಕ್ರೋಫೇಜ್‌ಗಳನ್ನು, ಅಂದರೆ ರೋಗಾಣುಗಳನ್ನು ನುಂಗುವ ರೋಗನಿರೋಧಕ ಕೋಶಗಳನ್ನು. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಹಿಂಗಾಲಿನ ಮೂಳೆಗಳ ತುದಿ ಕತ್ತರಿಸಿ, ಸಿರಿಂಜ್‌ನಿಂದ ಮೀಡಿಯಾ (ಕೋಶ ಬೆಳೆಸುವ ದ್ರವ) ಹಾಯಿಸಿ ಮಜ್ಜೆ ತೆಗೆಯುತ್ತೇನೆ. ಕೆಂಪಗಿದ್ದ ಮೂಳೆ ಬೆಳ್ಳಗಾದರೆ ಮಜ್ಜೆ ಪೂರ್ತಿ ಬಂತು ಎಂದರ್ಥ. ಮಜ್ಜೆಯ ಕೋಶಗಳನ್ನು ಮ್ಯಾಕ್ರೋಫೇಜ್ ಆಗಿಸುವ ಅಂಶವನ್ನು ಸ್ರವಿಸುವ ಎಲ್929 ಕೋಶಗಳು ಬೆಳೆದ ಮೀಡಿಯಾ ಬೆರೆಸಿ ಆರೇಳು ದಿನ ಬಿಟ್ಟರೆ ಮ್ಯಾಕ್ರೋಫೇಜ್‌ಗಳು ತಟ್ಟೆಯ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ.

ಮೊದಲು ಬ್ಯಾಕ್ಟೀರಿಯಾ ಹೊರಪೊರೆಯ ಎಲ್‌ಪಿಎಸ್ ಕೊಟ್ಟು ಮೂರ್ನಾಲ್ಕು ಗಂಟೆ ಕಾಯಬೇಕು. ಅಷ್ಟರಲ್ಲಿ ಕೋಶ ಉರಿಯೂತ ಎಬ್ಬಿಸುವ ಐಎಲ್-1 ಬೀಟಾ ಎಂಬ ಪ್ರೋಟೀನಿನ ಕಚ್ಚಾ ರೂಪವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಆಮೇಲೆ ನೈಜೆರಿಸಿನ್. ಅದು ಕೋಶದ ಪೊಟ್ಯಾಸಿಯಂ ಹೊರಹೋಗುವಂತೆ ಮಾಡುತ್ತದೆ. ಅದರಿಂದ ಕೋಶದೊಳಗಿನ ಅಪಾಯ ಗ್ರಹಿಸುವ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಎಚ್ಚೆತ್ತು ಕ್ಯಾಸ್ಪೇಸ್-1 ಎಂಬ ಕಿಣ್ವ ಕೆಲಸಕ್ಕೆ ಇಳಿಯುತ್ತದೆ, ಐಎಲ್-1 ಬೀಟಾದ ಕಚ್ಚಾ ರೂಪವನ್ನೂ ಗ್ಯಾಸ್ಡರ್ಮಿನ್ ಡಿ ಪ್ರೋಟೀನನ್ನೂ ಕತ್ತರಿಸುತ್ತದೆ. ಪೊರೆಗೆ ತೂತು ಕೊರೆಯುವುದು ಆ ತುಂಡುಗಳೇ. ಗ್ಯಾಸ್ಡರ್ಮಿನ್ ಡಿ ತುಂಡಾದರೆ ಪೈರೊಪ್ಟೋಸಿಸ್ ಆಗುತ್ತದೆ ಎಂಬುದನ್ನು 2015ರಲ್ಲಿ ಬೀಜಿಂಗ್‌ನ ಫೆಂಗ್ ಶಾವೊ ತಂಡ ಮತ್ತು ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್‌ನಲ್ಲಿ ಭಾರತ ಮೂಲದ ವಿಶ್ವ ದೀಕ್ಷಿತ್ ಅವರ ತಂಡ ಬೇರೆಬೇರೆಯಾಗಿ ಕಂಡುಹಿಡಿದವು.

ನೈಜೆರಿಸಿನ್ ಹಾಕಿದ ಮೇಲೆ ಮೈಕ್ರೋಸ್ಕೋಪ್ ಬಿಟ್ಟು ಏಳಬೇಡಿ. ಕೋಶ ಪೂರಿಯ ಹಾಗೆ ಉಬ್ಬಿ, ತಣ್ಣಗಾದ ಪೂರಿಯ ಹಾಗೆ ಚಪ್ಪಟೆಯಾಗುತ್ತದೆ. ನಡುವೆ ನ್ಯೂಕ್ಲಿಯಸ್ ಮಾತ್ರ ದುಂಡಗೆ ಕಾಣುತ್ತಿರುತ್ತದೆ. ತೂತು ಬಿದ್ದ ಕೋಶದೊಳಗೆ ಮಾತ್ರ ಹೋಗುವ ಪ್ರೊಪಿಡಿಯಂ ಅಯೊಡೈಡ್ ಎಂಬ ಬಣ್ಣ ಬೆರೆಸಿದ್ದರೆ ಆ ನ್ಯೂಕ್ಲಿಯಸ್‌ಗಳು ಒಂದೊಂದಾಗಿ ಕೆಂಪಗಾಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆದರೆ ಕಣ್ಣಿಗೆ ಕಂಡದ್ದಷ್ಟೇ ಸಾಲದು. ಅನೆಕ್ಸಿನ್ ಎಂಬ ಪ್ರೋಟೀನ್ ಪೊರೆಯ ಒಳಮೈಯ ಒಂದು ಕೊಬ್ಬಿಗೆ ಅಂಟುತ್ತದೆ, ಅಪೊಪ್ಟೋಸಿಸ್‌ನಲ್ಲಿ ಆ ಕೊಬ್ಬು ಹೊರಮೈಗೆ ಬರುತ್ತದೆ. ಹಾಗಾಗಿ ಅನೆಕ್ಸಿನ್ ಅಂಟಿದರೆ ಸಾಕು, ಅಪೊಪ್ಟೋಸಿಸ್ ಅಂತ ಬರೆದುಬಿಡುವುದು ಜಾಸ್ತಿ. ಪೈರೊಪ್ಟೋಸಿಸ್‌ನಲ್ಲೂ ಅದು ತೂತಿನಿಂದ ಒಳನುಗ್ಗಿ ಪೊರೆಯ ಒಳಮೈಗೆ ಅಂಟುತ್ತದಲ್ವಾ? ಹಾಗಾಗಿ ವೆಸ್ಟರ್ನ್ ಬ್ಲಾಟ್ ಮಾಡಲೇಬೇಕು, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ ಬೇಕಾದದ್ದನ್ನು ಪ್ರತಿಕಾಯದಿಂದ ಗುರುತಿಸಬೇಕು. ಗ್ಯಾಸ್ಡರ್ಮಿನ್ ಡಿ ತುಂಡಾಗಿದೆಯಾ? ಮೀಡಿಯಾದಲ್ಲಿ ಐಎಲ್-1 ಬೀಟಾದ 17 ಕಿಲೋಡಾಲ್ಟನ್ ಬ್ಯಾಂಡ್ ಬಂದಿದೆಯಾ? ಕಚ್ಚಾ ರೂಪದ್ದು 31. ನೈಜೆರಿಸಿನ್‌ಗೆ ಮುಂಚೆ ಸೀರಮ್ ಇಲ್ಲದ ಮೀಡಿಯಾಗೆ ಬದಲಾಯಿಸಿ. ಇಲ್ಲದಿದ್ದರೆ ಸೀರಮ್‌ನ ಅಲ್ಬುಮಿನ್ ಜೆಲ್‌ನಲ್ಲಿ ದಪ್ಪಗೆ ಹರಡಿ ಅಕ್ಕಪಕ್ಕದ ಬ್ಯಾಂಡ್‌ಗಳನ್ನು ಸೊಟ್ಟ ಮಾಡುತ್ತದೆ. ಕಂಟ್ರೋಲ್‌ಗೆ ಎನ್‌ಎಲ್‌ಆರ್‌ಪಿ3ಯನ್ನು ತಡೆಯುವ ಎಂಸಿಸಿ950 ಒಳ್ಳೆಯದು. ದುಡ್ಡು ಸಾಲದಿದ್ದರೆ ಮೀಡಿಯಾದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಜಾಸ್ತಿ ಮಾಡಿ. ಒಳಗಿನ ಪೊಟ್ಯಾಸಿಯಂ ಹೊರಬರದಿದ್ದರೆ ಎನ್‌ಎಲ್‌ಆರ್‌ಪಿ3 ಏಳುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಗ್ಲೈಸಿನ್ ಪ್ರಯೋಗ. ಮೀಡಿಯಾದಲ್ಲಿ ಗ್ಲೈಸಿನ್ ಇದ್ದರೆ ಐಎಲ್-1 ಬೀಟಾ ಹೊರಬರುತ್ತದೆ, ಎಲ್‌ಡಿಎಚ್ ಎಂಬ ದೊಡ್ಡ ಕಿಣ್ವ ಮಾತ್ರ ಬಹುಪಾಲು ಒಳಗೇ ಉಳಿಯುತ್ತದೆ. ಚಿಕ್ಕದು ತೂತಿನಲ್ಲಿ ನುಸುಳುತ್ತದೆ. ದೊಡ್ಡದು ಬರಬೇಕಾದರೆ ಪೊರೆಯೇ ಹರಿಯಬೇಕು. ಹರಿಯುವುದು ಸುಮ್ನೆ ತಾನಾಗಿ ಆಗುತ್ತದೆ ಎಂದೇ ಎಲ್ಲರೂ ನಂಬಿದ್ದರು. ಅದಕ್ಕೂ ನಿಂಜ್1 ಎಂಬ ಪ್ರೋಟೀನ್ ಬೇಕು ಎಂದು 2021ರಲ್ಲಿ ದೀಕ್ಷಿತ್ ತಂಡವೇ ತೋರಿಸಿತು. ಹಾಗಾಗಿ ಎಲ್‌ಡಿಎಚ್ ಅಂಕಿ ಕಡಿಮೆ ಬಂತೆಂದು ಏನೂ ಆಗಿಲ್ಲ ಅನ್ನಬೇಡಿ. ಅಷ್ಟರಲ್ಲಿ ಐಎಲ್-1 ಬೀಟಾ ಹೊರಟಾಗಿರಬಹುದು.

ಇಲಿಯ ತಳಿಯನ್ನೂ ವಿಚಾರಿಸಿಕೊಳ್ಳಿ. ಕ್ಯಾಸ್ಪೇಸ್-1 ಇಲ್ಲದ ಇಲಿಗಳು ಎಲ್‌ಪಿಎಸ್‌ನ ಮಾರಕ ಪ್ರಮಾಣವನ್ನೂ ತಾಳಿಕೊಳ್ಳುತ್ತವೆ ಎಂದು 1995ರಿಂದ ಹೇಳಲಾಗುತ್ತಿತ್ತು. ಆ ಇಲಿಗಳನ್ನು 129 ತಳಿಯ ಕೋಶಗಳಿಂದ ಮಾಡಿದ್ದರು. ಆ ತಳಿಯಲ್ಲಿ ಕ್ಯಾಸ್ಪೇಸ್-11 ಎಂಬ ಇನ್ನೊಂದು ಕಿಣ್ವ ಮೊದಲೇ ಕೆಟ್ಟಿತ್ತು, ಇಲಿಗಳು ತಾಳಿಕೊಂಡದ್ದು ಅದರಿಂದ ಎಂಬುದು 2011ರಲ್ಲಿ ಬಯಲಾಯಿತು. ಎರಡು ಜೀನ್‌ಗಳೂ ಅಕ್ಕಪಕ್ಕ ಇರುವುದರಿಂದ ಎಷ್ಟು ಪೀಳಿಗೆ ಬೇರೆ ತಳಿಯೊಂದಿಗೆ ಕೂಡಿಸಿದರೂ ಅವು ಬೇರೆಯಾಗಿರಲಿಲ್ಲ. ಬೇರೆ ಲ್ಯಾಬ್‌ನಿಂದ ಇಲಿ ಬಂದರೆ ನಾನು ಮೊದಲು ಎರಡೂ ಜೀನ್‌ಗಳಿಗೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡುತ್ತೇನೆ. ಮಜ್ಜೆಯ ಕೆಲಸ ಏನಿದ್ದರೂ ಆಮೇಲೆ.