ಮುಂದೆ ಹೋಗದ ಏಡಿ: ಒಬ್ಬರೇ ಕೂತು ಕಾರ್ಟೂನ್ ಮಾಡಿ ಬಿಡುಗಡೆ ಮಾಡುವ ಬಗೆ

ಮೊದಲು ಲೆಕ್ಕ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ಕೈಯಲ್ಲಿ ಬಿಡಿಸುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ದಿನಕ್ಕೆ 20 ಚಿತ್ರ ಮುಗಿಸುವ ಕೈಗೂ ಅದು 36 ದಿನದ ಕೆಲಸ; ಬಣ್ಣ, ಹಿನ್ನೆಲೆ, ಧ್ವನಿ ಬೇರೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಹಗಲಿನ ಉದ್ಯೋಗ ಮುಗಿಸಿ ರಾತ್ರಿ ಟ್ಯಾಬ್ಲೆಟ್ ಹಿಡಿಯುವವರು ಹತ್ತು ನಿಮಿಷದ ಪೌರಾಣಿಕ ಕಥೆಗೆ ಕೈಹಾಕಿ ಮೂರನೇ ತಿಂಗಳಲ್ಲಿ ಬಿಟ್ಟುಬಿಡುವುದು ಈ ಲೆಕ್ಕ ಹಾಕದೆ ಹೊರಟದ್ದರಿಂದ.

ಒಬ್ಬರೇ ಮಾಡುವ ಕಾರ್ಟೂನಿಗೆ ನನಗೆ ಗೊತ್ತಿರುವ ಉಪಾಯ ಒಂದೇ: ಚಿತ್ರ ಕಡಿಮೆ ಮಾಡಿ, ಶಬ್ದ ಗಟ್ಟಿ ಮಾಡಿ. ಮೊದಲ ಕಂತು ಒಂದು ನಿಮಿಷ ದಾಟದಿರಲಿ.

ಪಾತ್ರ ಹುಡುಕುವಾಗ ಸ್ವಲ್ಪ ಸೋಮಾರಿಯಾಗಿರಿ

ಉದಾಹರಣೆಗೆ ಮಂಗಳೂರು ದಕ್ಕೆಯ, ಅಂದರೆ ಮೀನು ಬಂದರಿನ, ಒಂದು ಏಡಿಯನ್ನು ನಾಯಕ ಮಾಡೋಣ. ಮನುಷ್ಯನ ಪಾತ್ರವಾದರೆ ಎದುರಿನಿಂದ, ಬದಿಯಿಂದ, ಓರೆಯಿಂದ ಬಿಡಿಸಬೇಕು. ತಲೆ ತಿರುಗಿಸುವಾಗ ಮೂಗು ಎಲ್ಲಿಗೆ ಹೋಯಿತು ಎಂದು ರಾತ್ರಿಯಿಡೀ ಹುಡುಕಬೇಕು. ಏಡಿ ಅಡ್ಡಕ್ಕೆ ನಡೆಯುತ್ತದೆ. ಮುಖ ನಮ್ಮ ಕಡೆಗೇ ಇರುತ್ತದೆ, ದೇಹ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಮೂಗಿನ ತಾಪತ್ರಯವೂ ಇಲ್ಲ. ಕಾಲುಗಳಿಗೆ ಎಂಟು ಚಿತ್ರದ ಒಂದು ಸುತ್ತು ಬಿಡಿಸಿಟ್ಟರೆ ಇಡೀ ಸರಣಿಯ ನಡಿಗೆ ಮುಗಿಯಿತು. ಆ ಕಡೆ ಹೋಗಬೇಕಿದ್ದರೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕಿ.

ಕಥೆಯೂ ಆ ನಡಿಗೆಯಲ್ಲೇ ಇದೆ. ಏಡಿ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸು ಹತ್ತಿದೆ. ಬಸ್ಸು ತುಂಬಿ ತುಳುಕುತ್ತಿದೆ. ‘ದುಂಬು ಪೋಲೆ, ದುಂಬು ಪೋಲೆ’, ಮುಂದೆ ಹೋಗಿ ಎಂದು ತುಳುವಿನಲ್ಲಿ ಕೂಗುತ್ತಾ ಕಂಡಕ್ಟರ್ ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಿದ್ದಾನೆ. ಏಡಿಗೆ ಮುಂದೆ ಹೋಗಲು ಬರುವುದಿಲ್ಲ. ಪ್ರತಿ ಸಲವೂ ಬದಿಯ ಸೀಟಿನವರ ಮಡಿಲಿಗೆ ಬೀಳುತ್ತದೆ. ಕಂಡಕ್ಟರ್ ಪರದೆಯ ಮೇಲೆ ಬರಬೇಕೆಂದೇ ಇಲ್ಲ. ಅವನ ಸೀಟಿ, ಬಸ್ಸಿನ ತಗಡಿಗೆ ಬಡಿಯುವ ಸದ್ದು, ಆ ಗಂಟಲು ಸಾಕು. ನೋಡುವವರು ಆ ಮನುಷ್ಯನನ್ನು ತಾವೇ ಬಿಡಿಸಿಕೊಳ್ಳುತ್ತಾರೆ, ನಿಮಗೆ ಅಷ್ಟು ಚಿತ್ರ ಉಳಿಯಿತು. ನಿಮಿಷಕ್ಕೆ ಒಂದು ನಗೆ ಸಾಕು. ಎರಡನೆಯದು ಹೊಳೆದರೆ ಅದನ್ನು ಎರಡನೇ ಕಂತಿಗೆ ಎತ್ತಿಡಿ.

ಊರಿನದೆಂದು ಎಲ್ಲವನ್ನೂ ಬಾಚಿಕೊಳ್ಳಬೇಡಿ. ಹುಲಿವೇಷ, ಕಂಬಳ, ಯಕ್ಷಗಾನದ ಹಾಸ್ಯಗಾರ ಕಾರ್ಟೂನಿಗೆ ಒಗ್ಗುತ್ತವೆ. ಭೂತಕೋಲದ ದೈವ ಒಗ್ಗುವುದಿಲ್ಲ. ನಂಬಿದವರಿಗೆ ಅದು ವೇಷವೇ ಅಲ್ಲ, ತಮಾಷೆಗೆ ಕುಣಿಸಿದರೆ ನೋವಾಗುತ್ತದೆ. ಯಕ್ಷಗಾನ ತರುವುದಾದರೆ ಅದರ ಎರಡು ಶೈಲಿಗಳಲ್ಲಿ ತೆಂಕೋ ಬಡಗೋ ಮೊದಲೇ ತೀರ್ಮಾನಿಸಿ. ತೆಂಕಿನ ಚೆಂಡೆಗೆ ಬಡಗಿನ ಮುಂಡಾಸು ಕುಣಿದರೆ ನಮ್ಮ ಎರಡು ಜಿಲ್ಲೆಯ ಪ್ರೇಕ್ಷಕರು ಮೊದಲ ಹತ್ತು ಸೆಕೆಂಡಿನಲ್ಲೇ ಹಿಡಿದು ಹಾಕುತ್ತಾರೆ.

ಗೆರೆಗಿಂತ ಮೊದಲು ಧ್ವನಿ

ಮಾತನ್ನು ಬರೆದು, ದಾಖಲಿಸಿ, ಆಮೇಲೆ ಪೆನ್ಸಿಲ್ ಹಿಡಿಯಿರಿ. ಚಿತ್ರ ಮಾಡಿಟ್ಟು ಅದಕ್ಕೆ ಮಾತು ತುರುಕಲು ಹೋದರೆ ಎರಡೂ ಕೆಡುತ್ತವೆ. ಯುಎಸ್‌ಬಿ ಮೈಕ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನ್ ಆದೀತು. ಮೈಕಿಗಿಂತ ಕೋಣೆ ಮುಖ್ಯ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೆದುರು ಕೂರಿ, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಫ್ಯಾನ್ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ, ಶೀಟಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಮಾತಿನಿಂದ ಬಿಡಿಸಿ ತೆಗೆಯಲು ಹೋದರೆ ಮಾತೇ ಲೋಹದ ಹಾಗೆ ಕೇಳುತ್ತದೆ. ಹಾಗಾಗಿ ನಾಲ್ಕೈದು ಕಂತಿನ ಮಾತನ್ನು ಮೇ ತಿಂಗಳೊಳಗೆ ದಾಖಲಿಸಿ, ಮಳೆಗಾಲವನ್ನು ಚಿತ್ರ ಬಿಡಿಸಲು ಇಟ್ಟುಕೊಳ್ಳಿ. ಮಳೆಯ ಸದ್ದನ್ನು ಬೇರೆಯಾಗಿ ಹಿಡಿದಿಟ್ಟರೆ ಮುಂದೆ ಬೇಕಾಗುತ್ತದೆ. ನವರಾತ್ರಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಪೆಟ್ಟನ್ನೂ ತಂಡದವರನ್ನು ಕೇಳಿ ನೀವೇ ದಾಖಲಿಸಿ. ಯಾರದೋ ಆಲ್ಬಮ್ಮಿನಿಂದ ಎತ್ತಿದರೆ ಯೂಟ್ಯೂಬಿನ ಯಂತ್ರವೇ ಗುರುತಿಸಿ, ನಿಮ್ಮ ವಿಡಿಯೊದ ಜಾಹೀರಾತು ಹಣ ಅವರ ಖಾತೆಗೆ ಹೋಗಬಹುದು.

ಧ್ವನಿಗೆ ಹವ್ಯಾಸಿ ತಾಳಮದ್ದಳೆಯವರನ್ನು, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವವರನ್ನು, ಕೇಳಿ ನೋಡಿ. ಮಾತಿಗೆ ಮಾತು ಕೊಡುವುದು ಅವರಿಗೆ ರಕ್ತದಲ್ಲಿದೆ. ವೇದಿಕೆಯ ಗಂಟಲು ಮೈಕಿಗೆ ಜಾಸ್ತಿಯಾಗುತ್ತದೆ, ಸ್ವಲ್ಪ ದೂರ ಕೂರಿಸಿದರಾಯಿತು. ಬರೆದುಕೊಟ್ಟದ್ದನ್ನೇ ಓದಿ ಎಂದು ಹಟ ಹಿಡಿಯಬೇಡಿ. ಅವರು ಬಾಯಿಗೆ ಬಂದಂತೆ ಸೇರಿಸುವ ‘ಎಂತ ಮಾರಾಯ’ಗಳಲ್ಲಿ ಅರ್ಧವಾದರೂ ನಿಮ್ಮ ಸ್ಕ್ರಿಪ್ಟಿಗಿಂತ ಚೆನ್ನಾಗಿರುತ್ತವೆ.

ದಾಖಲಿಸಿದ ಧ್ವನಿಯ ಮೇಲೆ ಒರಟು ಚಿತ್ರಗಳನ್ನು ಸಾಲಾಗಿ ಕೂರಿಸಿ. ಇದಕ್ಕೆ ಅನಿಮ್ಯಾಟಿಕ್ ಎನ್ನುತ್ತಾರೆ. ನಿಮಿಷಕ್ಕೆ ಹದಿನೈದು ಚಿತ್ರವಾದರೆ ಸಾಕು. ಮನೆಯವರಿಗೆ ಏನೂ ವಿವರಿಸದೆ ತೋರಿಸಿ. ಬೇಸರವಾಗುವ ಜಾಗ ಈಗ ಗೊತ್ತಾದರೆ ಕತ್ತರಿಸಲು ಐದು ನಿಮಿಷ; ಬಣ್ಣ ತುಂಬಿದ ಮೇಲೆ ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಕತ್ತರಿಸಲು ಮನಸ್ಸೂ ಬರುವುದಿಲ್ಲ.

ಕನ್ನಡದ ಬಾಯಿ

ತುಟಿ ಹೊಂದಿಸಲು ಇಂಟರ್‌ನೆಟ್ಟಿನಲ್ಲಿ ಸಿಗುವ ಬಾಯಿಯ ಚಾರ್ಟುಗಳು ಹೆಚ್ಚಾಗಿ ಇಂಗ್ಲಿಷಿಗೆ ಮಾಡಿದವು. ಕನ್ನಡಕ್ಕೆ ಆರು ಬಾಯಿ ಸಾಕು: ಪ, ಬ, ಮ ಅಕ್ಷರಗಳಿಗೆ ಮುಚ್ಚಿದ್ದು; ಆಕಾರಕ್ಕೆ ಅಗಲ ತೆರೆದದ್ದು; ಇ, ಎ ಸ್ವರಗಳಿಗೆ ಅಡ್ಡ ಹಿಗ್ಗಿದ್ದು; ಉ, ಒ ಸ್ವರಗಳಿಗೆ ದುಂಡಗಿನದು; ವ, ಫ ಅಕ್ಷರಗಳಿಗೆ ಕೆಳತುಟಿ ಹಲ್ಲಿಗೆ ತಾಗಿದ್ದು; ಉಳಿದ ವ್ಯಂಜನಗಳಿಗೆಲ್ಲ ಅರೆ ತೆರೆದದ್ದೊಂದು. ತುಳುವಿಗೂ ಇದರಲ್ಲೇ ಸುಧಾರಿಸಬಹುದು.

ನಮ್ಮ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ ಪದ ನಿಂತಾಗ ಬಾಯಿ ತೆರೆದೇ ಇರಬೇಕು, ನಿಧಾನ ಮುಚ್ಚಿಕೊಳ್ಳಬೇಕು. ಥಟ್ಟನೆ ಮುಚ್ಚಿಸಿದರೆ ಡಬ್ಬಿಂಗ್ ಸಿನಿಮಾ ನೋಡಿದ ಹಾಗಾಗುತ್ತದೆ. ಒತ್ತಕ್ಷರವನ್ನು ಮರೆಯಬೇಡಿ: ‘ಮಗ’ನ ‘ಮ’ಕ್ಕೆ ಮುಚ್ಚಿದ ಬಾಯಿ ಎರಡು ಫ್ರೇಮ್ ಇದ್ದರೆ ‘ಅಮ್ಮ’ನಿಗೆ ನಾಲ್ಕು ಬೇಕು. ದೀರ್ಘಕ್ಕೂ ಹಾಗೆಯೇ, ಹ್ರಸ್ವದ ಎರಡರಷ್ಟು ಹಿಡಿಯಿರಿ. ಬಾಯಿ ಶಬ್ದಕ್ಕಿಂತ ಒಂದೆರಡು ಫ್ರೇಮ್ ಮುಂಚೆ ಬಂದರೆ ಕಣ್ಣಿಗೆ ಸರಿ ಎನಿಸುತ್ತದೆ. ಹಿಂದೆ ಬಿದ್ದರೆ ಯಾರಿಗಾದರೂ ತಿಳಿಯುತ್ತದೆ.

ಮಾತಾಡುವಾಗ ಏಡಿಯ ದೇಹ ಅಲ್ಲಾಡಬೇಕಿಲ್ಲ. ಒಂದು ದೇಹ, ಆರು ಬಾಯಿ, ಕಣ್ಣು ಮಿಟುಕಿಸುವ ಮೂರು ಚಿತ್ರ, ನಡಿಗೆಯ ಎಂಟು, ಕೊಂಬು ಎತ್ತಿ ಸಿಟ್ಟು ತೋರಿಸುವ ನಾಲ್ಕೈದು. ಇವನ್ನೇ ಮರುಬಳಸಿ, ನಗೆ ಸಿಡಿಯುವ ಆ ಎರಡು ಸೆಕೆಂಡಿಗೆ ಮಾತ್ರ ಧಾರಾಳವಾಗಿ ಹೊಸದಾಗಿ ಬಿಡಿಸಿದರೆ 720ರ ಜಾಗದಲ್ಲಿ ನೂರೈವತ್ತರೊಳಗೆ ನಿಮಿಷ ಮುಗಿಯುತ್ತದೆ. ಹಿನ್ನೆಲೆಗೆ ಬಸ್ಸಿನ ಒಳಗಿನ ಒಂದು ಉದ್ದ ಚಿತ್ರ. ಕಿಟಕಿಯಾಚೆ ಹಂಚಿನ ಮಾಡು, ಮುರಕಲ್ಲಿನ ಕಾಂಪೌಂಡು, ತೆಂಗು ಓಡುತ್ತಿರಲಿ.

ಸಾಮಾನು

ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಜನ ಸಾಮಾನು ಆರಿಸುವುದರಲ್ಲೇ ವರ್ಷ ಕಳೆಯುತ್ತಾರೆ. ಪರದೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್ ಸಾಕು. ಅನಿಮೇಷನ್ ಮಾಡುವ ಸಾಫ್ಟ್‌ವೇರುಗಳಲ್ಲಿ ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಝ್ ಮೂರೂ ಉಚಿತ. ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಘಿಬ್ಲಿ ಬಳಸುತ್ತಿದ್ದ ಟೂನ್ಝ್ 2016ರಲ್ಲಿ ಎಲ್ಲರಿಗೂ ತೆರೆದುಕೊಂಡದ್ದೇ ಓಪನ್‌ಟೂನ್ಝ್. 2025ರಲ್ಲಿ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಪಡೆದ ಲಾಟ್ವಿಯಾದ ನಿರ್ದೇಶಕರು ಆ ಚಿತ್ರವನ್ನು ಮಾಡಿದ್ದು ಬ್ಲೆಂಡರಿನಲ್ಲಿ. ಆದ್ದರಿಂದ ಸಾಫ್ಟ್‌ವೇರ್ ಇಲ್ಲವೆಂಬ ನೆಪ ಈಗ ನಡೆಯುವುದಿಲ್ಲ. ಶಬ್ದಕ್ಕೆ ಆಡಾಸಿಟಿ, ಜೋಡಣೆಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ.

ಶೀರ್ಷಿಕೆಯ ಅಕ್ಷರಗಳಲ್ಲಿ ಎಚ್ಚರ. ಕೆಲವು ಸಾಫ್ಟ್‌ವೇರುಗಳಲ್ಲಿ ಕನ್ನಡದ ಒತ್ತು ಒಡೆದು ಪಕ್ಕದಲ್ಲಿ ಬೀಳುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರದ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟಿನಿಂದ ಬರೆದು, ಚಿತ್ರವಾಗಿ ಉಳಿಸಿ ತನ್ನಿ. ‘ಬಲೂ ತಮ್ಮ’, ‘ನೋಟೊ ಸಾನ್ಸ್ ಕನ್ನಡ’ ಎಂಬ ಫಾಂಟುಗಳೆರಡೂ ಮುಕ್ತ ಪರವಾನಗಿಯವು. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗಿನ ಜೊತೆ ಇಂಟರ್‌ನೆಟ್ಟಿನ ವೈರನ್ನೂ ಕಿತ್ತಿಡಿ, ಕೆಲಸದ ಒಂದು ಪ್ರತಿ ಮನೆಯಿಂದ ಹೊರಗಿರಲಿ.

ಬಿಡುಗಡೆ

ಮೂರು ಕಂತು ಕೈಯಲ್ಲಿ ಸಿದ್ಧವಾಗುವವರೆಗೆ ಮೊದಲನೆಯದನ್ನು ಬಿಡಬೇಡಿ. ಒಂದನ್ನು ನೋಡಿ ನಕ್ಕವರು ಇನ್ನೊಂದಕ್ಕೆ ಆರು ತಿಂಗಳು ಕಾಯುವುದಿಲ್ಲ. ಅಪ್‌ಲೋಡ್ ಮಾಡುವಾಗ ಮಾತು ಒಂದು ಫೈಲಿನಲ್ಲಿ, ಸಂಗೀತ ಮತ್ತು ಸದ್ದು ಇನ್ನೊಂದರಲ್ಲಿ ಪ್ರತ್ಯೇಕವಾಗಿ ಉಳಿಸಿಟ್ಟಿರಬೇಕು. ನಾಳೆ ಅದೇ ಏಡಿ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಾಡಬೇಕಾದರೆ ಬರೀ ಮಾತು ಬದಲಿಸಿದರೆ ಆಯಿತು.

ಯೂಟ್ಯೂಬ್ ಕೇಳುವ ಒಂದು ಪ್ರಶ್ನೆಗೆ ಯೋಚಿಸಿ ಉತ್ತರಿಸಿ: ಇದು ಮಕ್ಕಳಿಗಾಗಿ ಮಾಡಿದ್ದೇ? ಹೌದು ಎಂದರೆ ಕಮೆಂಟು ಮುಚ್ಚುತ್ತದೆ, ನೋಡುಗರ ಅಭಿರುಚಿ ಆಧರಿಸಿದ ಜಾಹೀರಾತು ಬರುವುದಿಲ್ಲ, ಆದಾಯ ಇಳಿಯುತ್ತದೆ. 2020ರ ಜನವರಿಯಿಂದ ಇರುವ ನಿಯಮ ಇದು. ಕಾರ್ಟೂನ್ ಎಂದ ಮಾತ್ರಕ್ಕೆ ಮಕ್ಕಳದಾಗುವುದಿಲ್ಲ. ಸಿಟಿ ಬಸ್ಸಿನ ನೂಕಾಟಕ್ಕೆ ನಗುವವರು ಕಚೇರಿಗೆ ಹೋಗುವ ದೊಡ್ಡವರು. ನಿಜಕ್ಕೂ ಪುಟ್ಟ ಮಕ್ಕಳಿಗೆ ಮಾಡಿದ್ದಾದರೆ ಹಣದಾಸೆಗೆ ಸುಳ್ಳು ಹೇಳಬೇಡಿ, ಯೂಟ್ಯೂಬಿನವರೇ ಉತ್ತರ ಬದಲಿಸಿ ಹಾಕುತ್ತಾರೆ.

ಫೋನ್ ನೆಟ್ಟಗೆ ಹಿಡಿದು ನೋಡುವ ಉದ್ದ ಚೌಕಟ್ಟಿನಲ್ಲಿ ಮೂರು ನಿಮಿಷದವರೆಗಿನ ವಿಡಿಯೊ ಶಾರ್ಟ್ಸ್ ಆಗುತ್ತದೆ. ಬೇಗ ಹರಡುತ್ತದೆ, ನಿಜ. ಆದರೆ ಜಾಹೀರಾತು ಪಾಲಿಗೆ 1000 ಚಂದಾದಾರರ ಜೊತೆ ಬೇಕಾದ, 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆಯ ಲೆಕ್ಕಕ್ಕೆ ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಸೇರುವುದಿಲ್ಲ. ಶಾರ್ಟ್ಸ್‌ನಿಂದಲೇ ಹೋಗುವುದಾದರೆ 90 ದಿನಕ್ಕೆ ಒಂದು ಕೋಟಿ ವೀಕ್ಷಣೆ ಬೇಕು. ನನ್ನ ಆಯ್ಕೆ ಅಡ್ಡ ಚೌಕಟ್ಟು, ಏಡಿಗೂ ಅದೇ ಸರಿ. ಐದಾರು ಕಂತು ಕೂಡಿಸಿ ಒಂದು ದೊಡ್ಡ ವಿಡಿಯೊ ಮಾಡಿ, ತುಣುಕುಗಳನ್ನು ಶಾರ್ಟ್ಸಿಗೂ ರೀಲ್ಸಿಗೂ ಬಿಡಿ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಫೈಲ್ ಕಳಿಸದೆ ಲಿಂಕ್ ಕಳಿಸಿ. ಹೇಗೂ ಯಾರೋ ಫೈಲನ್ನೇ ಹರಡುತ್ತಾರೆ, ಆದ್ದರಿಂದ ನಿಮ್ಮ ಹೆಸರು ಚಿತ್ರದ ಒಳಗೇ ಇರಲಿ, ಬಸ್ಸಿನ ಬೋರ್ಡಿನ ಮೇಲೋ ಟಿಕೆಟ್ಟಿನ ಮೇಲೋ. ಕತ್ತರಿಸಿ ತೆಗೆಯಲಾಗದ ಜಾಗ ಅದು. ಮಳೆಗೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ಬೆಳಿಗ್ಗೆ ಒಂದು ಕಂತು ಬಿಟ್ಟು ನೋಡಿ. ಆ ಹೊತ್ತಿಗೆ ಊರಿನವರೆಲ್ಲ ಫೋನ್ ಹಿಡಿದಿರುತ್ತಾರೆ.

ಹಣ, ಹಕ್ಕು

ಗಳಿಕೆ ಶುರುವಾಗುವ ಹೊತ್ತಿಗೆ ಯೂಟ್ಯೂಬ್ ಕೇಳುವ ಅಮೆರಿಕದ ತೆರಿಗೆ ಫಾರ್ಮನ್ನು ಪ್ಯಾನ್ ಸಂಖ್ಯೆ ಕೊಟ್ಟು ತುಂಬಿ. ಆಗ ಅಮೆರಿಕದ ನೋಡುಗರಿಂದ ಬಂದ ಪಾಲಿಗೆ ಮಾತ್ರ ಶೇ 15 ಕಡಿತ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ಹೋಗಬಹುದು. ಆದರೂ ಮೊದಲ ವರ್ಷಗಳ ಬಾಡಿಗೆ ಕಟ್ಟುವುದು ಯೂಟ್ಯೂಬಿನ ಜಾಹೀರಾತು ಪಾಲಲ್ಲ, ಗಿರಾಕಿಗಳಿಗೆ ಮಾಡಿಕೊಡುವ ಕೆಲಸ. ಮದುವೆ ಕರೆಯೋಲೆಯ ಕಾರ್ಟೂನು, ಚಿನ್ನದಂಗಡಿಯ ಜಾಹೀರಾತು, ಆಸ್ಪತ್ರೆಯ ತಿಳಿವಳಿಕೆ ವಿಡಿಯೊ. ವಾರದ ಇಂತಿಷ್ಟು ದಿನ ಅದಕ್ಕೆ, ಉಳಿದದ್ದು ಏಡಿಗೆ ಎಂದು ಭಾಗ ಮಾಡಿ.

ಹಳೆಯ ಮಕ್ಕಳ ಪದ್ಯಕ್ಕೆ ಚಿತ್ರ ಮಾಡುವ ಆಸೆಯಿದ್ದರೆ ಲೇಖಕರು ತೀರಿಕೊಂಡ ವರ್ಷ ನೋಡಿ. ನಮ್ಮ ಕಾಯ್ದೆಯಲ್ಲಿ ಹಕ್ಕು ನಿಧನಾನಂತರ 60 ವರ್ಷ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯಗಳನ್ನು ಈಗ ಯಾರೂ ಬಳಸಬಹುದು. ಇತ್ತೀಚೆಗೆ ಯಾರೋ ಹಾಕಿದ ರಾಗ, ಹಾಡಿದ ಧ್ವನಿ ಮಾತ್ರ ಅವರವರದು. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಬರಹಕ್ಕೆ 2057 ಮುಗಿಯುವವರೆಗೆ ಅನುಮತಿ ಬೇಕು.

ನಿಮ್ಮ ಏಡಿಯ ಹಕ್ಕು ಬಿಡಿಸಿದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಹಾಗಿದ್ದೂ ಪಾತ್ರದ ಚಿತ್ರವನ್ನು ಕಲಾಕೃತಿಯಾಗಿ ನೋಂದಾಯಿಸಿಟ್ಟರೆ ಜಗಳದ ಹೊತ್ತಿಗೆ ಕೈಯಲ್ಲಿ ಕಾಗದವಿರುತ್ತದೆ. ತೊಡಕು ಬರುವುದು ಗಿರಾಕಿಗಳಿಂದ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಮಾಡಿಸಿದ ಚಿತ್ರಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಮೊದಲ ಒಡೆಯರು. ನಿಮ್ಮ ಏಡಿ ಚೆನ್ನಾಗಿದೆ, ನಮ್ಮ ಅಂಗಡಿಯ ಜಾಹೀರಾತಿನಲ್ಲಿ ಒಮ್ಮೆ ಬರಲಿ ಎಂದು ಪರಿಚಯದವರೇ ಕೇಳಿದರೂ, ಪಾತ್ರ ನನ್ನದು, ಈ ಒಂದು ಜಾಹೀರಾತಿಗೆ ಮಾತ್ರ ಬಳಕೆ ಎಂದು ಒಂದು ಪುಟ ಬರೆಸಿ ಸಹಿ ಹಾಕಿಸಿ. ಹಕ್ಕು ವರ್ಗಾಯಿಸುವ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಹಿಡಿಯುತ್ತದೆ. ದೊಡ್ಡ ಕಂಪನಿಗಳ ಕರಾರಿನಲ್ಲಿ ಎರಡನ್ನೂ ಅವರೇ ತುಂಬಿ ತಂದಿರುತ್ತಾರೆ: ಶಾಶ್ವತವಾಗಿ, ಜಗತ್ತಿನಾದ್ಯಂತ. ಆ ಎರಡು ಪದ ಕಂಡರೆ ಪೆನ್ನು ಕೆಳಗಿಟ್ಟು ಬೇರೆ ದರ ಹೇಳಿ.