ನಾಮಿನಿ ಇದ್ದರೆ ಸಾಕಲ್ವಾ?

ಬ್ಯಾಂಕಿನ ಕೌಂಟರ್‌ನಲ್ಲಿ 24 ವರ್ಷ ಕೂತು, ಸ್ವಯಂ ನಿವೃತ್ತಿ ತೆಗೆದುಕೊಂಡು, ಮೈಸೂರಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ಬೇರೆ ಯಾವ ಪೇಪರ್ ಕಷ್ಟವಾದರೂ ಉತ್ತರಾಧಿಕಾರದ್ದು ಸುಲಭ ಅನ್ನೋ ಧೈರ್ಯವಿತ್ತು. ತೀರಿಕೊಂಡವರ ಖಾತೆಗಳನ್ನು ನಾನೆಷ್ಟು ಮುಗಿಸಿಲ್ಲ! ಮರಣ ಪ್ರಮಾಣಪತ್ರ ನೋಡು, ನಾಮಿನಿ ಹೆಸರು ನೋಡು, ಹಣ ಕೊಡು. ಆ ಹಣ ನಾಮಿನಿಯದೇ ಅಂತ ನಾನೂ ನಂಬಿದ್ದೆ.

ಮೊದಲ ವಾರದಲ್ಲೇ ಸರ್ಬತಿ ದೇವಿ ಪ್ರಕರಣ ಬಂತು. 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವಿಮೆಯ ನಾಮಿನಿ ಹಣ ಇಸಿದುಕೊಳ್ಳುವ ಕೈ ಮಾತ್ರ, ಹಣದ ಮೇಲಿನ ಹಕ್ಕು ವಾರಸುದಾರರದು. ಬ್ಯಾಂಕಿನ ಠೇವಣಿಗೂ ಇದೇ ಲೆಕ್ಕ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾಮಿನಿಗೆ ಕೊಟ್ಟ ಮೇಲೆ ಬ್ಯಾಂಕಿನ ಜವಾಬ್ದಾರಿ ಮುಗಿಯುತ್ತದೆ, ನಾನು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಎಷ್ಟು ಜನರಿಗೆ ನಗುತ್ತಾ "ಇನ್ನು ನಿಮ್ಮದೇ" ಅಂದಿದ್ದೆನೋ!

ಪಕ್ಕದ ಮನೆಯ ಟೀಚರ್‌ಗೆ ಈ ವಿಷಯ ಗೇಟಿನ ಹತ್ತಿರ ನಿಂತೇ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಸಂಬಳದಲ್ಲಿ ಉಳಿಸಿ ಸೈಟು ಕೊಂಡು ಮನೆ ಕಟ್ಟಿಸಿದವರು. ನೋಡಿಕೊಳ್ಳುವುದು ಅವರ ತಂಗಿಯ ಮಗಳು.

"ಎಫ್‌ಡಿಗೆಲ್ಲ ಅವಳೇ ನಾಮಿನಿ. ಸಾಕಲ್ವಾ?"

"ಸಾಲದು ಟೀಚರ್."

"ಮನೆ?"

ಮನೆಯ ಬಗ್ಗೆ ಉತ್ತರ ಗೊತ್ತಿರಲಿಲ್ಲ. ಓದಿ ಹೇಳುತ್ತೇನೆ ಅಂದೆ. ಆಮೇಲೆ ನಾನು ಆ ಪೇಪರ್ ಓದಿದ್ದೆಲ್ಲ ಒಂಥರಾ ಟೀಚರ್ ಮನೆಯ ಸುತ್ತಲೇ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ತೆರೆದರೆ ಉತ್ತರವಿತ್ತು, ಚೆನ್ನಾಗಿರಲಿಲ್ಲ. ಉಯಿಲು ಬರೆಯದೆ ಹೆಂಗಸು ತೀರಿಕೊಂಡರೆ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ತವರಿನವರ ಸರದಿ ಆಮೇಲೆ. ತವರಿನಿಂದ ಬಂದ ಆಸ್ತಿಗೆ ಬೇರೆ ನಿಯಮ ಇದೆ, ಆದರೆ ದುಡಿದು ಕೊಂಡಿದ್ದಕ್ಕಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ನಾರಾಯಣಿ ದೇವಿಯ ಕಥೆಯೂ ಇದೇ. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಹೋದ. ಅತ್ತೆಮನೆಯವರು ಹೊರಗಟ್ಟಿದರು. ತವರಿನವರು ಓದಿಸಿದರು, ಆಕೆ ಕೆಲಸಕ್ಕೆ ಸೇರಿ ಸಂಪಾದಿಸಿದರು. ಕೊನೆಗೆ ಆ ದುಡಿಮೆ ಹೋಗಿದ್ದು ಗಂಡನ ಕಡೆಯವರಿಗೆ. ಕ್ಲಾಸಿನಲ್ಲಿ ಇದನ್ನು ಓದುವಾಗ ಹುಡುಗಿಯರೆಲ್ಲ ಒಟ್ಟಿಗೆ "ಅಯ್ಯೋ" ಅಂದರು. ಕಾನೂನಿನಲ್ಲಿ ಹಾಗೆ ಬರೆದಿದೆ, ಮರುಕದ ಮೇಲೆ ತೀರ್ಪು ಕೊಡಲಾಗದು ಅನ್ನುವುದು ಕೋರ್ಟಿನ ಮಾತು. ನನಗೆ ಈಗಲೂ ಇದು ಒಪ್ಪಿಗೆಯಿಲ್ಲ.

ಟೀಚರ್ ಲೆಕ್ಕದಲ್ಲಿ ಇದರ ಅರ್ಥ: ಉಯಿಲು ಇಲ್ಲದಿದ್ದರೆ ಮನೆ ಭಾವ ಮೈದುನರ ಮಕ್ಕಳಿಗೆ. ಅವರು ಈ ಗೇಟು ದಾಟಿದ್ದನ್ನು ನಾನು ನೋಡಿಲ್ಲ.

ಇನ್ನು ಉಯಿಲಿನ ಪಾಠ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ದಪ್ಪ ಇದೆ, ಆದರೆ ಬೇಜಾರಿನ ಓದಲ್ಲ. 61ನೇ ಕಲಮಿನ ಉದಾಹರಣೆಗಳನ್ನೇ ನೋಡಿ. ಮನೆ ಸುಡುತ್ತೇನೆ ಅಂತ ಹೆದರಿಸಿ ಬರೆಸಿಕೊಂಡರೆ ನಡೆಯುವುದಿಲ್ಲ. ಆಸ್ತಿಯ ಆಸೆಯಿಂದ ಉಪಚಾರ ಮಾಡಿ, ಬೆಣ್ಣೆ ಹಚ್ಚಿ ಬರೆಸಿಕೊಂಡರೆ? ನಡೆಯುತ್ತದೆ! ನೂರು ವರ್ಷದ ಹಿಂದೆ ಇದನ್ನು ಬರೆದವರಿಗೆ ಮನುಷ್ಯರ ಪರಿಚಯ ಚೆನ್ನಾಗಿಯೇ ಇತ್ತು.

ನಾನು ಎಡವಿದ್ದು 67ನೇ ಕಲಮಿನಲ್ಲಿ. ಸಾಕ್ಷಿ ಹಾಕಿದವರಿಗೋ ಅವರ ಗಂಡ ಹೆಂಡತಿಗೋ ಉಯಿಲಿನಲ್ಲಿ ಏನಾದರೂ ಕೊಟ್ಟಿದ್ದರೆ, ಆ ಕೊಡುಗೆ ಮಾತ್ರ ಬಿದ್ದುಹೋಗುತ್ತದೆ. ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ಹಿಂದೂ ಕುಟುಂಬದ ಸಮಸ್ಯೆಗೆ ಇದನ್ನೇ ಹಾಕಿ ಒಂದೂವರೆ ಪುಟ ತುಂಬಿಸಿದೆ. ಸೊನ್ನೆ ಬಂತು. ಮೇಡಂ ಪುಸ್ತಕದ ಹಿಂದಿನ ಮೂರನೇ ಶೆಡ್ಯೂಲ್ ತೆರೆದು ತೋರಿಸಿದರು. ಹಿಂದೂಗಳ ಉಯಿಲಿಗೆ ಯಾವ ಕಲಂಗಳು ಅನ್ವಯಿಸುತ್ತವೆ ಅಂತ ಅಲ್ಲೊಂದು ಪಟ್ಟಿ ಇದೆ. 64 ಆದಮೇಲೆ ನೇರವಾಗಿ 68. ನಡುವಿನ 67 ಇಲ್ಲವೇ ಇಲ್ಲ. 69 ಕೂಡ ಇಲ್ಲ. ಕ್ರೈಸ್ತರೊಬ್ಬರು ಉಯಿಲು ಬರೆದ ಮೇಲೆ ಮದುವೆಯಾದರೆ ಆ ಉಯಿಲು ರದ್ದು, ಹಿಂದೂಗಳದ್ದು ಹಾಗೆ ರದ್ದಾಗುವುದಿಲ್ಲ.

ಅವತ್ತೇ ಸಂಜೆ ಕೂತು ಬೇರ್ ಆಕ್ಟ್‌ನಲ್ಲಿ, ಅಂದರೆ ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕದಲ್ಲಿ, ಪಟ್ಟಿಯಲ್ಲಿರುವ ಪ್ರತಿ ಕಲಮಿನ ಪಕ್ಕ ಪೆನ್ಸಿಲ್‌ನಲ್ಲಿ 'ಹಿಂ' ಅಂತ ಬರೆದೆ. ಎರಡು ಗಂಟೆ ಹಿಡಿಯಿತು. ಗೈಡ್ ಪುಸ್ತಕ ತಿರುವಿಹಾಕುತ್ತಾ ಕಳೆದ ಒಂದು ತಿಂಗಳಿಗಿಂತ ಆ ಎರಡು ಗಂಟೆಯಲ್ಲಿ ಕಲಿತದ್ದು ಜಾಸ್ತಿ.

ಇನ್ನೊಂದು ಅಭ್ಯಾಸ ಸಮಸ್ಯೆ ಬಿಡಿಸುವಾಗ ಬಂತು. ಮೊದಲು ವಂಶವೃಕ್ಷ, ಪ್ರತಿ ಹೆಸರಿನ ಕೆಳಗೆ ಸತ್ತ ತಾರೀಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ಜೂನ್ 17, 1956ಕ್ಕೆ ಮುಂಚೆಯೋ ಆಮೇಲೋ? ಅಲ್ಲಿಗೇ ಉತ್ತರದ ದಾರಿ ಬದಲಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡುವ ನಮ್ಮ ಕರ್ನಾಟಕದ ತಿದ್ದುಪಡಿ 1994ರಲ್ಲೇ ಬಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಅಷ್ಟರ ಮೇಲೂ ಗೊಂದಲ ಮುಗಿಯಲಿಲ್ಲ. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕಾ ಅನ್ನುವುದಕ್ಕೆ ಸುಪ್ರೀಂ ಕೋರ್ಟಿನದೇ ಫೂಲಾವತಿ ಪ್ರಕರಣದಲ್ಲಿ ಒಂದು ಮಾತು, ದಾನಮ್ಮ ಪ್ರಕರಣದಲ್ಲಿ ಇನ್ನೊಂದು. ಎರಡೂ ನಮ್ಮ ಕರ್ನಾಟಕದಿಂದ ಹೋದವೇ. ಅಪ್ಪ ಬದುಕಿರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಪಾಲು ಅಂತ ಇತ್ಯರ್ಥವಾಗಿದ್ದು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ.

ಮುಸ್ಲಿಂ ಕಾನೂನಿನ ಪಾಲು ಬರೀ ಭಿನ್ನರಾಶಿ. ಮಕ್ಕಳಿಲ್ಲದ ಹೆಂಗಸು ತೀರಿಕೊಂಡಳು ಅನ್ನಿ: ಗಂಡನಿಗೆ ಅರ್ಧ, ಅವಳ ಇಬ್ಬರು ಅಕ್ಕತಂಗಿಯರಿಗೆ ಮೂರನೇ ಎರಡು. ಕೂಡಿದರೆ ಆರರಲ್ಲಿ ಏಳು! ಆಗ ಕೆಳಗಿನ ಆರನ್ನೂ ಏಳು ಮಾಡಿ ಎಲ್ಲರ ಪಾಲನ್ನೂ ಅಷ್ಟಷ್ಟು ಇಳಿಸುವುದು. ಇದಕ್ಕೆ ಔಲ್ ಅಂತಾರೆ. ಬ್ಯಾಂಕಿನವಳಾದ ನನಗೆ ಪೂರ್ತಿ ಅಂಕ ಸಿಕ್ಕಿದ್ದು ಇಲ್ಲೇ.

ಪರೀಕ್ಷೆಗೆ ಎಲ್ಲರೂ ಉರು ಹೊಡೆಯುವ ತೀರ್ಪು ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರದು. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1958ರಲ್ಲಿ ತೀರ್ಮಾನವಾಗಿದ್ದು. ಲಕ್ಷ್ಮಮ್ಮ ಎಂಬವರ ಉಯಿಲು. ಬರೆಸುವಾಗ ಮುಂದೆ ನಿಂತಿದ್ದವರೇ ಅದನ್ನು ಕೋರ್ಟಿಗೆ ತಂದಿದ್ದರು, ಉಯಿಲು ನಿಲ್ಲಲಿಲ್ಲ. ಬರೆದವರು ಎದ್ದು ಬಂದು "ಹೌದು, ನಂದೇ" ಅನ್ನಲಾರರು. ಹಾಗಾಗಿ ಸಂಶಯಗಳನ್ನೆಲ್ಲ ಉಯಿಲು ತಂದವರೇ ತೊಡೆದುಹಾಕಬೇಕು. ಇದನ್ನು ನಾನು ಉರು ಹೊಡೆಯಲಿಲ್ಲ, ಟೀಚರ್‌ಗೆ ವಿವರಿಸಿ ವಿವರಿಸಿಯೇ ಬಾಯಿಗೆ ಬಂತು.

ಕೊನೆಯ ಪರೀಕ್ಷೆ ಮುಗಿದ ಮೇಲೆ ಟೀಚರ್ ಉಯಿಲು ಬರೆದರು. ಬಿಳಿ ಹಾಳೆಯ ಮೇಲೆ, ತಮ್ಮದೇ ದುಂಡು ಅಕ್ಷರದಲ್ಲಿ, ಕನ್ನಡದಲ್ಲಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ಆಮೇಲೆ ನೋಂದಣಿ ಮಾಡಿಸಿ ಅಂತ ಹೇಳಿದ್ದೇನೆ. ಸಾಕ್ಷಿಗೆ ತಂಗಿಯ ಮಗಳ ಗಂಡ ಇದ್ದಾನಲ್ಲ ಅಂದರು. ಬೇಡ ಅಂದೆ. 67 ನಮಗೆ ಅನ್ವಯಿಸದಿದ್ದರೂ ಸಂಶಯಕ್ಕೆ ನಾವೇ ಯಾಕೆ ಜಾಗ ಕೊಡಬೇಕು? ಆ ಹುಡುಗಿಗೂ ಅವತ್ತು ಬರಬೇಡ ಅಂತ ಹೇಳಿದ್ದೆ. ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಿರಲಿ ಅಂತಲೂ ಹೇಳಿದ್ದೆ. ಮುಂದೆ ತಕರಾರು ಬಂದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ.

ಎದುರು ಮನೆಯ ಡಾಕ್ಟರೂ ಟೀಚರ್‌ರ ಹಳೆಯ ವಿದ್ಯಾರ್ಥಿಯೊಬ್ಬನೂ ಬಂದರು. ಟೀಚರ್ ಸಹಿ ಹಾಕಿದರು, ಡಾಕ್ಟರ್ ಹಾಕಿದರು. "ಕಾಫಿಗಿಡ್ತೀನಿ" ಅಂತ ಟೀಚರ್ ಎದ್ದು ಒಳಗೆ ಹೋದರು. ಇತ್ತ ಹುಡುಗ ಪೆನ್ನಿನ ಕ್ಯಾಪ್ ತೆಗೆದ.

"ಹಾಕಬೇಡ!" ಅಂತ ಕೂಗಿಬಿಟ್ಟೆ. ಬರೆದವರ ಎದುರಿಗೇ ಸಾಕ್ಷಿ ಸಹಿ ಹಾಕಬೇಕು, 63ನೇ ಕಲಂ. ಟೀಚರ್ ಗಾಬರಿಯಿಂದ ಓಡಿಬಂದು ಕುರ್ಚಿಯಲ್ಲಿ ಕೂತರು. ಹುಡುಗ ನಿಧಾನವಾಗಿ, ಕಾಪಿ ಪುಸ್ತಕದಲ್ಲಿ ಬರೆದಂತೆ, ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು.