ಹಲಸಿನ ಹಲಗೆ, ಒಂದು ತಂತಿ: ಬೋಲೆನ್–ಪಿಯರ್ಸ್ ಸ್ವರಶ್ರೇಣಿಯನ್ನು ಅಳೆದು ನುಡಿಸುವ ಬಗೆ

ಬೋಲೆನ್–ಪಿಯರ್ಸ್ ಶ್ರೇಣಿಯಲ್ಲಿ ಪಂಚಮವಿಲ್ಲ, ತಾರ ಷಡ್ಜವೂ ಇಲ್ಲ. ಷಡ್ಜದಿಂದ ಹೊರಟ ಸುತ್ತು ಮುಗಿಯುವುದು ಮೂರು ಪಟ್ಟು ಕಂಪನಾಂಕದಲ್ಲಿ, ಅಂದರೆ ನಮ್ಮ ತಾರ ಪಂಚಮದಲ್ಲಿ. ನಡುವೆ 13 ಮೆಟ್ಟಿಲು. ಸಮಪಾಲು ಮಾಡಿದರೆ ಒಂದೊಂದೂ ಸುಮಾರು 146.3 ಸೆಂಟ್ (ಸ್ವರಾಂತರದ ಅಳತೆ; ಷಡ್ಜದಿಂದ ತಾರ ಷಡ್ಜಕ್ಕೆ 1200 ಸೆಂಟ್). 1972ರಲ್ಲಿ ಹೈಂಜ್ ಬೋಲೆನ್, ಆಮೇಲೆ ಸ್ವತಂತ್ರವಾಗಿ ಜಾನ್ ಪಿಯರ್ಸ್ ಇದನ್ನು ಕಂಡುಕೊಂಡರು. ಕೀಬೋರ್ಡಿಗಿಂತ ಒಂಟಿ ತಂತಿಯಲ್ಲೇ ಕಲಿಯುವುದು ಒಳ್ಳೆಯದು, ಅನುಪಾತ ಕಣ್ಣಿಗೂ ಕಾಣುತ್ತದೆ.

1050 ಮಿ.ಮೀ. ಉದ್ದ, 70 ಅಗಲ, 25 ದಪ್ಪದ ಚೆನ್ನಾಗಿ ಒಣಗಿದ ಹಲಸಿನ ಹಲಗೆ ಬೇಕು. ಎರಡೂ ತುದಿಗೆ 20 ಮಿ.ಮೀ. ಎತ್ತರದ ಕುದುರೆ (ತಂತಿಯನ್ನು ಎತ್ತಿ ಹಿಡಿಯುವ ಆಧಾರ) ಕೂರಿಸಿ. ತಂತಿ ತಾಗುವ ಅಂಚುಗಳ ನಡುವಿನ ಅಂತರ ಸರಿಯಾಗಿ 900 ಇರಲಿ. 0.25 ಮಿ.ಮೀ. ಉಕ್ಕಿನ ತಂತಿಯನ್ನು ಸುರುಳಿಯಿಂದ ಕತ್ತರಿಸಿಕೊಳ್ಳಿ. ಗಿಟಾರಿನ ತಂತಿ ಬಿರಡೆಗೆ (ತಂತಿ ಬಿಗಿಸುವ ಗೂಟಕ್ಕೆ) ಸುತ್ತುವಷ್ಟು ಉದ್ದ ಬರುವುದಿಲ್ಲ. ಶ್ರುತಿ 147 ಹರ್ಟ್ಸ್ ಆಸುಪಾಸು ಸಾಕು.

ಬಲಗಡೆಯ ಕುದುರೆಯಿಂದ ಅಳೆದು 756, 700, 642.9, 540, 500, 420, 385.7, 324, 300ಕ್ಕೆ ಗೆರೆ ಕೊರೆಯಿರಿ. ಬಿಟ್ಟ ತಂತಿಯ (ಎಲ್ಲೂ ತಡೆಯದ ಪೂರ್ತಿ ತಂತಿಯ) ಜೊತೆ ಇವು ಲ್ಯಾಂಬ್ಡಾ ಎಂಬ ಒಂಬತ್ತು ಸ್ವರಗಳ ಮೇಳ; ಕೊನೆಯ 300 ಮುಂದಿನ ಸುತ್ತಿನ ಷಡ್ಜ. 833.3, 588, 459.2, 357.1 ಸೇರಿಸಿದರೆ 13 ಪೂರ್ತಿ. ಕಾಗದದ ಪಟ್ಟಿ ಅಂಟಿಸಬೇಡಿ. ಆಗುಂಬೆ, ತೀರ್ಥಹಳ್ಳಿ ಕಡೆಯ ಆಷಾಢದ ಥಂಡಿಗೆ ಕಾಗದ ಹಿಗ್ಗಿ ಅಳತೆ ತಪ್ಪುತ್ತದೆ. ಮರ ಅಗಲಕ್ಕೆ ಉಬ್ಬಿದರೂ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ. ಶ್ರುತಿ ಇಳಿದೀತು, ಅನುಪಾತ ಕೆಡದು. ಬಿರಡೆ ಜಾರಿದರೆ ಸೀಮೆಸುಣ್ಣ ಸವರಿ.

ಸ್ವರ ಬದಲಿಸಲು ಗೆರೆಯಿಂದ ಗೆರೆಗೆ ಜರುಗಿಸುವ ಕುದುರೆಯ ಎತ್ತರ 21 ಮಿ.ಮೀ. ಮಾತ್ರ ಇರಬೇಕು. 25 ಆದರೆ ತಂತಿ ಬಿಗಿದು ಸ್ವರ 15–20 ಸೆಂಟ್ ಏರುತ್ತದೆ; ಎಲ್ಲ ಗೆರೆಯೂ ಸುಳ್ಳಾದಂತೆ. ಪರೀಕ್ಷೆ ಸುಲಭ: ಬಿಟ್ಟ ತಂತಿಯ 450ರಲ್ಲಿ ಬೆರಳು ಸೋಕಿಸಿ ಮೀಟಿ, ಆಮೇಲೆ ಅಲ್ಲೇ ಕುದುರೆ ಇಟ್ಟು ಮೀಟಿ. ಎರಡನೆಯದು ಏರಿದ್ದರೆ ಕುದುರೆಯ ತಳ ಉಜ್ಜಿ.

ಮೀಟುವ ಜಾಗವೇ ಇಲ್ಲಿ ಮುಖ್ಯ. ನುಡಿಯುವ ಭಾಗದ ನಟ್ಟನಡುವೆ ಮೀಟಿ. 540ರಲ್ಲಿ ಕುದುರೆ ಇದ್ದರೆ 270ರಲ್ಲಿ. ಆಗ ಸಮಸಂಖ್ಯೆಯ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹೊಮ್ಮುವ, ಅದರ 2, 3, 4... ಪಟ್ಟು ಕಂಪನಾಂಕದ ಸ್ವರಗಳು) ಅಡಗಿ 3, 5, 7ರಂಥವು ಉಳಿಯುತ್ತವೆ. ಈ ಶ್ರೇಣಿ ನಿಂತಿರುವುದೇ ಅವುಗಳ ಮೇಲೆ. ತುದಿಯಲ್ಲಿ ಮೀಟಿದರೆ ಎರಡು ಪಟ್ಟಿನ ಉಪಸ್ವರ ಎದ್ದು, ಈ ಶ್ರೇಣಿಯಲ್ಲಿ ಇಲ್ಲದ ತಾರ ಷಡ್ಜವನ್ನೇ ಕಿವಿ ಹುಡುಕುತ್ತದೆ.

ಮೊದಲು 900, 540, 385.7 ಮೂರನ್ನೇ ಸಾಧಿಸಿ: ಅದು 3:5:7ರ ಮೇಳ, ಈ ಶ್ರೇಣಿಯ ಬೆನ್ನೆಲುಬು. ಪಕ್ಕದಲ್ಲಿ ತಂಬೂರಿ ಹಾಕಿಕೊಳ್ಳುವುದಾದರೆ ಪಂಚಮದ ತಂತಿ ಮತ್ತು ಜೀವಾಳಿ (ಕುದುರೆಯ ಮೇಲೆ ತಂತಿಯಡಿ ಇಡುವ ನೂಲು) ಎರಡನ್ನೂ ತೆಗೆದು, ಮಂದ್ರ ಷಡ್ಜವೊಂದನ್ನೇ ಇಡಿ.